ಮಸಿ ಹಿಡಿದ ಮೇಲೆ ಮಾತಿಲ್ಲ

ನಮ್ಮೂರಿನಲ್ಲಿ ಅರ್ಥವಾಗದ ಕಾಗದದ ಮೇಲೆ ಮಸಿ ನಿಲ್ಲುವುದಿಲ್ಲ. ಸಹಿ ಮಾಡಿದರೆ ಸಹಿ ಜಾರುತ್ತದೆ, ಹೆಬ್ಬೆಟ್ಟು ಒತ್ತಿದರೆ ಹೆಬ್ಬೆಟ್ಟು ಜಾರುತ್ತದೆ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಮಸಿಯೆಲ್ಲ ಅಂಚಿಗೆ ಓಡಿ ಮೇಜಿನ ಮೇಲೆ ತೊಟ್ಟಿಕ್ಕುತ್ತದೆ, ಕಾಗದ ಮಾತ್ರ ಬೆಳ್ಳಗೆ ಉಳಿಯುತ್ತದೆ. ಓದು ಬಂದವರಿಗೂ ಅಷ್ಟೆ, ಬಾರದವರಿಗೂ ಅಷ್ಟೆ. ಹೊಸದಾಗಿ ವರ್ಗವಾಗಿ ಬಂದ ತಹಸೀಲ್ದಾರರೊಬ್ಬರು ಅಧಿಕಾರ ವಹಿಸಿಕೊಳ್ಳುವ ಕಾಗದಕ್ಕೇ ಸಹಿ ನಿಲ್ಲದೆ ಊಟದ ಹೊತ್ತಿನವರೆಗೆ ಬೆವರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದುವೆ ನೋಂದಣಿಯ ದಿನ ಗಂಡಿನ ಸಹಿ ಜಾರಿ, ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡದ್ದೂ ಉಂಟು. ಹಾಗಾಗಿ ನಮ್ಮ ಕೋರ್ಟಿನ ಜಗಲಿಯ ಮೇಲೆ ಬೆಳಗಾದರೆ ವಕೀಲರಿಗಿಂತ ಮೊದಲು ಅರ್ಥದವರು ಬಂದು ಕೂರುತ್ತಾರೆ. ಕಾಗದದ ಮಾತನ್ನು ಬಾಯಿಮಾತಿಗೆ ಇಳಿಸಿ ಹೇಳುವುದು ಅವರ ಕಸುಬು.

ನಾನು ಆ ಕೋರ್ಟಿನ ದಫೇದಾರ. ಕಕ್ಷಿದಾರರ ಹೆಸರು ಕೂಗಿ ಒಳಗೆ ಕರೆಯುವವನು. ನನ್ನ ಕೂಗು ಕೆರೆ ಏರಿಯವರೆಗೆ ಕೇಳುತ್ತದೆ ಎಂದು ಜನ ಹೇಳುತ್ತಾರೆ. ಜಂಬ ಕೊಚ್ಚಿಕೊಳ್ಳಬಾರದು, ಏರಿಯ ಆಚೆಗೂ ಕೇಳುತ್ತದೆ. ಇಷ್ಟು ವರ್ಷದಲ್ಲಿ ಎಷ್ಟೋ ಜಡ್ಜರು ಬಂದರು, ಹೋದರು. ಅವರು ಬಂದಾಗ ನಾನು ಎದ್ದು ನಿಲ್ಲುವುದು ಕೆಲಸಕ್ಕಾಗಿ. ಮನಸ್ಸಿನಿಂದ ಎದ್ದು ನಿಲ್ಲುವುದು ಒಬ್ಬರಿಗೇ, ಅರ್ಥದ ಅಂಬುಜಾಕ್ಷಮ್ಮನವರಿಗೆ.

ಅಂಬುಜಾಕ್ಷಮ್ಮನವರು ಕಾನೂನು ಓದಿದವರು. ಕರಿ ಕೋಟು ಹಾಕಿ ಕೆಲವು ವರ್ಷ ವಾದವನ್ನೂ ಮಾಡಿದವರು. ಒಂದು ದಿನ ಕೋಟು ಕಳಚಿ ಗೂಟಕ್ಕೆ ನೇತುಹಾಕಿ, ಗೆಲ್ಲಿಸುವುದಕ್ಕಿಂತ ತಿಳಿಸುವುದೇ ತನಗೆ ರುಚಿ ಎಂದು ಹೇಳಿ ಜಗಲಿಗೆ ಬಂದು ಕೂತರಂತೆ. ವಿನಯ ಅವರ ಹತ್ತಿರ ಸುಳಿದಿರಲಿಲ್ಲ. ಜಗಲಿಯ ಮೇಲೆ ನಾಲ್ವರು ಅರ್ಥದವರು ಇದ್ದರು. ಉಳಿದ ಮೂವರು ತನ್ನನ್ನು ಕೇಳಿಕೊಂಡು ಹೋಗಿ ಹೇಳುತ್ತಾರೆ ಎಂದು ಆ ಮೂವರ ಎದುರಿಗೇ ಹೇಳುತ್ತಿದ್ದರು. ಮೂವರೂ ಹೌದೆಂದು ತಲೆ ಆಡಿಸುತ್ತಿದ್ದರು. ಮಡಿಲಲ್ಲಿ ಸದಾ ಹುರಿದ ಕಡಲೆಕಾಯಿ, ಸುಲಿಯುತ್ತ ಸುಲಿಯುತ್ತ ಮಾತು. ಸಿಪ್ಪೆ ಗುಡಿಸುವ ಕೆಲಸ ನನ್ನದು. ಅದಕ್ಕೂ ನನ್ನ ತಕರಾರಿರಲಿಲ್ಲ.

ಅವರ ರೀತಿಯೇ ಬೇರೆ. ಬಂದವರ ಕಸುಬು ಯಾವುದೆಂದು ಮೊದಲು ಕೇಳುತ್ತಿದ್ದರು, ಅರ್ಥವನ್ನು ಅದರೊಳಗಿಂದಲೇ ಎತ್ತಿ ಕೊಡುತ್ತಿದ್ದರು. ದನದ ವ್ಯಾಪಾರಿಯೊಬ್ಬ ಭಾವಮೈದುನನಿಗೆ ಜಾಮೀನು ನಿಲ್ಲಲು ಬಂದಿದ್ದ. ಜಾಮೀನು ಎಂದರೆ ಇನ್ನೊಬ್ಬನ ಎತ್ತಿನ ಹಗ್ಗವನ್ನು ನೀನು ಹಿಡಿದು ನಿಲ್ಲುವುದು, ಎತ್ತು ಕಿತ್ತುಕೊಂಡು ಓಡಿದರೆ ಸುಲಿಯುವುದು ನಿನ್ನ ಅಂಗೈ ಎಂದರು. ಅವನು ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, ಭಾವಮೈದುನನ ಮುಖವನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಹೆಬ್ಬೆಟ್ಟು ಒತ್ತಿದ. ಮಸಿ ಹಿಡಿಯಿತು. ಛತ್ರದ ಅಡುಗೆಯವನಿಗೆ ತಡೆಯಾಜ್ಞೆ ಬಂದಾಗ, ಒಲೆಯ ಮೇಲಿನ ಪಾತ್ರೆ ಯಾರದೆಂದು ಇತ್ಯರ್ಥ ಆಗುವ ತನಕ ಉರಿ ಏರಿಸಬೇಡ, ಸೌಟು ಆಡಿಸಬೇಡ, ಇಳಿಸಲೂಬೇಡ, ಇದ್ದದ್ದು ಇದ್ದ ಹಾಗೆ ಇರಲಿ ಎಂದರು. ಕ್ಷೌರಿಕನಿಗೆ ಮುಖ್ತ್ಯಾರುಪತ್ರವೆಂದರೆ ನಿನ್ನ ಕತ್ತಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಹೋಗುವುದು, ಗಾಯವಾದರೆ ಗಿರಾಕಿ ಹುಡುಕಿಕೊಂಡು ಬರುವುದು ನಿನ್ನನ್ನೇ ಎಂದರು. ಅಫಿಡವಿಟ್ಟು ಯಾಕೆ ಬೇಕು, ದೇವರ ಮುಂದೆ ಹೇಳಿದರೆ ಸಾಲದೆ ಎಂದು ಪೂಜಾರಿಯೊಬ್ಬರು ವಾದಕ್ಕೆ ನಿಂತಾಗ, ದೇವರು ಕ್ಷಮಿಸಿಬಿಡುತ್ತಾನಲ್ಲ, ಕಾಗದ ಕ್ಷಮಿಸುವುದಿಲ್ಲ ಎಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡರು. ನಾನು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ ಕೇಳಿಯೇ ಅರ್ಧ ವಕೀಲನಾದೆ. ಉಳಿದರ್ಧ ಆಗದಿದ್ದುದಕ್ಕೆ ನನ್ನ ಹೆಂಡತಿ ದೇವರಿಗೆ ಕೈಮುಗಿಯುತ್ತಾಳೆ.

ಎರಡು ವಾಡಿಕೆಗಳನ್ನು ಇಲ್ಲೇ ಹೇಳಿಬಿಡಬೇಕು. ಅರ್ಥದವರು ಕೆಲಸಕ್ಕೆ ಕೂತಾಗ ಎರಡೂ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡಿರಬೇಕು. ಯಾಕೆಂದು ಯಾರೂ ಕೇಳಿದವರಲ್ಲ. ವಕೀಲರಿಗೆ ಕೊರಳಪಟ್ಟಿ ಇದ್ದಂತೆ ಇವರಿಗೆ ಇದು ಎಂದುಕೊಂಡಿದ್ದೆವು. ಎರಡನೆಯದು, ಅರ್ಥ ಹೇಳಿಸಿಕೊಂಡವರು ತಡಮಾಡದೆ ರಿಜಿಸ್ಟ್ರಾರರ ಮುಂದೆ ಹೋಗಿ ಹೆಬ್ಬೆಟ್ಟು ಒತ್ತಿ ತೋರಿಸಬೇಕು, ಮಸಿ ಹಿಡಿದರೆ ಕಾಗದ ಪಕ್ಕಾ. 'ಮಸಿ ಹಿಡಿದ ಮೇಲೆ ಮಾತಿಲ್ಲ' ಎಂಬುದು ನಮ್ಮೂರ ಗಾದೆ. ಗಂಡ ಹೆಂಡಿರ ಜಗಳದಲ್ಲಿ ಕೂಡ ಅದನ್ನೇ ಎತ್ತಿ ಹೇಳುತ್ತಾರೆ. ತಾತ ಮುತ್ತಾತನ ಕಾಲದಿಂದ ಅದಕ್ಕೆ ಎದುರು ಹೇಳಿದವರಿರಲಿಲ್ಲ, ಚೌಡಮ್ಮ ಬರುವವರೆಗೆ.

ಚೌಡಮ್ಮ ನೇಕಾರರ ಬೀದಿಯವಳು. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದು, ಅಪ್ಪನ ಗುಂಡಿಮಗ್ಗದಲ್ಲಿ ಕೂತು, ಟವಲು ಪಂಚೆ ನೇಯ್ದುಕೊಂಡು ಯಾರ ಹಂಗೂ ಇಲ್ಲದೆ ಬದುಕಿದ್ದಳು. ಗುಂಡಿಮಗ್ಗವನ್ನು ಎತ್ತಿಕೊಂಡು ಬೇರೆ ಕಡೆ ಹೋಗಲು ಬರುವುದಿಲ್ಲ. ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಕಾಲಿಳಿಬಿಟ್ಟು ನೇಯುವಂಥದ್ದು. ಮನೆ ಇದ್ದರೆ ಮಗ್ಗ, ಮಗ್ಗ ಇದ್ದರೆ ಚೌಡಮ್ಮ. ಅವಳ ಅಣ್ಣ ರಾಮಲಿಂಗಪ್ಪ ಅದೇ ಮನೆಯ ಇನ್ನೊಂದು ಭಾಗದಲ್ಲಿದ್ದ. ಕೆಟ್ಟವನಲ್ಲ. ಗೌರಿ ಹಬ್ಬಕ್ಕೆ ತಪ್ಪದೆ ತಂಗಿಗೆ ಬಾಗಿನ ಕೊಡುವವನು, ಜ್ವರ ಬಂದರೆ ಗಂಜಿ ಕಾಯಿಸಿ ತರುವವನು. ಅಪ್ಪ ತೀರಿಕೊಂಡ ಮೇಲೆ ಮನೆ ಕೆಡವಿ ಅಲ್ಲಿ ಬಟ್ಟೆ ಅಂಗಡಿ ಕಟ್ಟಬೇಕೆಂಬ ಆಸೆ ಅವನಿಗೆ ಹತ್ತಿತು. ಅದಕ್ಕೆ ತಂಗಿಯ ಹಕ್ಕು ಬಿಡುಗಡೆ ಪತ್ರ ಬೇಕೆಂದು ಯಾರೋ ಹೇಳಿದರು. ಹೆಣ್ಣುಮಕ್ಕಳು ಅರಿಶಿನ ಕುಂಕುಮ ತೆಗೆದುಕೊಂಡು ಒಂದು ಹೆಬ್ಬೆಟ್ಟು ಒತ್ತುವುದು ಎಲ್ಲ ಮನೆಯಲ್ಲೂ ನಡೆದು ಬಂದದ್ದು ತಾನೆ ಎಂದುಕೊಂಡು ಅವನು ಕಾಗದ ಬರೆಸಿದ. ಮನೆ ಖಾತೆ ಸರಿ ಮಾಡಿಸುವುದಕ್ಕೆ ಒಂದು ಹೆಬ್ಬೆಟ್ಟು ಬೇಕು ಎಂದಷ್ಟೇ ತಂಗಿಗೆ ಹೇಳಿ, ಹೂವು ಮುಡಿಸಿ ಕರೆತಂದ.

ಹೆಬ್ಬೆಟ್ಟು ಜಾರಿತು. ಮೂರು ಸಲ ಒತ್ತಿದರೂ ಮಸಿ ಅಂಚಿಗೇ ಓಡಿತು. ರಿಜಿಸ್ಟ್ರಾರರು ಎಂದಿನಂತೆ ಜಗಲಿಯ ಕಡೆ ಕೈ ತೋರಿಸಿದರು.

ಅಂಬುಜಾಕ್ಷಮ್ಮ ಕಾಗದ ಓದಿದರು, ಅವಳ ಕಸುಬು ಕೇಳಿದರು, ನಡಿ ನಿನ್ನ ಮಗ್ಗ ತೋರಿಸು ಎಂದು ಎದ್ದರು. ಕೊಡೆ ಹಿಡಿಯಲು ನಾನೂ ಹೋದೆ. ಕೊಡೆಗಿಂತ ಕಿವಿಯ ಆಸೆಯೇ ಹೆಚ್ಚು ಎಂದು ಅವರಿಗೂ ಗೊತ್ತಿತ್ತು. ಮಗ್ಗದಲ್ಲಿ ಅರ್ಧ ನೇಯ್ದ ಕೆಂಪಂಚಿನ ಟವಲು ಇತ್ತು. ಅಂಬುಜಾಕ್ಷಮ್ಮ ಗುಂಡಿಯ ಅಂಚಿನಲ್ಲಿ ಕೂತು, ಬಿಗಿದ ಹಾಸಿನ, ಅಂದರೆ ಉದ್ದಕ್ಕೆ ಕಟ್ಟಿದ, ಎಳೆಗಳ ಮೇಲೆ ಅಂಗೈ ಇಟ್ಟರು.

"ನೋಡವ್ವ, ಈ ಮನೆ ನಿಮ್ಮಪ್ಪ ಹೂಡಿದ ಹಾಸು ಅಂದ್ಕೊ. ಇದರಲ್ಲಿ ಅರ್ಧ ಎಳೆ ನಿಮ್ಮಣ್ಣಂದು, ಅರ್ಧ ಎಳೆ ನಿಂದು. ಹಕ್ಕು ಬಿಡುಗಡೆ ಅಂದ್ರೆ ನಿನ್ನ ಎಳೆಗಳನ್ನ ನೀನೇ ಕತ್ತರಿಸಿ ಅವನ ಕೈಗೆ ಕೊಡೋದು. ಯಾರೂ ಕಿತ್ಕೊಳಲ್ಲ, ನೀನೇ ಕೊಡೋದು. ಕೊಟ್ಟ ಮೇಲೆ ಗಂಟು ಹಾಕಿ ಕೂಡಿಸ್ಕೊಳೋಕೆ ಬರಲ್ಲ."

ಚೌಡಮ್ಮ ಎಳೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಈ ಗುಂಡಿನೂ ಅದರಾಗೆ ಬಂತಾ?" ಎಂದು ಕೇಳಿದಳು.

"ಗುಂಡಿನೂ ಬಂತು," ಎಂದರು ಅಂಬುಜಾಕ್ಷಮ್ಮ.

ಮರಳಿ ರಿಜಿಸ್ಟ್ರಾರರ ಕೋಣೆಗೆ ಬಂದೆವು. ಅರ್ಥ ಆಯಿತೇ, ತೋರಿಸಿ ಎಂದು ಅವರು ಮಸಿಯ ಡಬ್ಬಿ ಮುಂದಿಟ್ಟರು. ಚೌಡಮ್ಮ ಹೆಬ್ಬೆಟ್ಟು ಒತ್ತಿದಳು. ಹಿಡಿಯಿತು. ಬೆರಳಿನ ಒಂದೊಂದು ಗೆರೆಯೂ ಕಾಣುವ ಹಾಗೆ ಹಿಡಿಯಿತು. ರಾಮಲಿಂಗಪ್ಪ ಉಸಿರುಬಿಟ್ಟ. ಅಂಬುಜಾಕ್ಷಮ್ಮ ಆ ಗುರುತನ್ನು ನೋಡಿ ಹೆಮ್ಮೆಯಿಂದ ನನ್ನ ಕಡೆ ಹುಬ್ಬೇರಿಸಿದರು. ಚೌಡಮ್ಮ ಸೆರಗಿನ ಅಂಚಿಗೆ ಬೆರಳು ಒರೆಸಿಕೊಂಡು ಮೆಲ್ಲಗೆ ಹೇಳಿದಳು, "ಅರ್ಥ ಆಯ್ತು ಸ್ವಾಮಿ. ಇಷ್ಟು ದಿನ ಆಗಿರ್ನಿಲ್ಲ. ಈಗ ಆಯ್ತಲ್ಲ, ಅದಕ್ಕೇ ನಾನು ಕೊಡಾಕಿಲ್ಲ."

ಹಾಗಾದರೆ ಹೆಬ್ಬೆಟ್ಟು ಒತ್ತಿದ್ದೇಕೆ ಎಂದು ರಿಜಿಸ್ಟ್ರಾರರು ಕೇಳಿದರು. ಅರ್ಥ ಆಯ್ತಾ ತೋರಿಸು ಅಂದಿರಿ, ತೋರಿಸಿದೆ ಎಂದಳು ಅವಳು. ಮಸಿ ಹಿಡಿದ ಮೇಲೆ ಮಾತಿಲ್ಲ ತಾಯಿ ಎಂದು ರಿಜಿಸ್ಟ್ರಾರರು ಗಾದೆ ಹೇಳಿದರು. ಆದರೂ ಇಂಥ ಪೇಚನ್ನು ಅವರೂ ಕಂಡಿರಲಿಲ್ಲ. ಕಾಗದಕ್ಕೆ ಮೊಹರು ಹಾಕದೆ ಜಡ್ಜರ ಮುಂದೆ ಕಳಿಸಿದರು. ವಿಚಾರಣೆ ಮರುವಾರಕ್ಕೆ ಬಿತ್ತು.

ಆ ವಾರವೆಲ್ಲ ಅಂಬುಜಾಕ್ಷಮ್ಮ ಕಡಲೆಕಾಯಿ ಮುಟ್ಟಲಿಲ್ಲ. ಜಗಲಿ ಚೊಕ್ಕಟವಾಗಿತ್ತು, ಅದನ್ನು ನೋಡಿ ನನಗೆ ಸಂಕಟವಾಯಿತು. ಊರಿನವರೆಲ್ಲ ಒಂದೇ ಮಾತು ಆಡುತ್ತಿದ್ದರು: ಚೌಡಮ್ಮ ಪಾಪ, ಆದರೆ ಮಸಿ ಸುಳ್ಳು ಹೇಳುತ್ತದೆಯೇ? ಮನಸ್ಸಿಲ್ಲದೆ ಹಿಡಿಯುತ್ತದೆಯೇ? ಅರ್ಥ ಸರಿಯಾಗಿ ಹೇಳದೆ ಇದ್ದಿದ್ದರೆ ಹೆಬ್ಬೆಟ್ಟು ಜಾರಿ ಆ ಹೆಂಗಸಿನ ಮಗ್ಗ ಉಳಿಯುತ್ತಿತ್ತಲ್ಲ ಎಂದು ಜಗಲಿಯ ಇನ್ನೊಬ್ಬ ಅರ್ಥದವರು ಮರುಕದಿಂದಲೇ ಹೇಳಿದರು. ಅಂಬುಜಾಕ್ಷಮ್ಮ ನನ್ನೊಬ್ಬನ ಹತ್ತಿರ ಮಾತ್ರ, ವಿಚಾರಣೆಯ ಹಿಂದಿನ ದಿನ, ತಾನು ದೀಪ ಹಿಡಿದು ಬಾವಿ ತೋರಿಸಿದೆ, ಇವರು ನೋಡಿದವಳು ಇಳಿದೇ ತೀರಬೇಕು ಅನ್ನುತ್ತಾರೆ ಎಂದರು. ಹೇಳುತ್ತ ಹೆಬ್ಬೆರಳಿನ ಬಟ್ಟೆಯ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ಬಿಚ್ಚುತ್ತಿದ್ದವರು ಫಕ್ಕನೆ ಕೈ ನಿಲ್ಲಿಸಿ, ಆ ಬಟ್ಟೆಯನ್ನೇ ನೋಡಿದರು. ಆಮೇಲೆ ಎದ್ದು ಮನೆಗೆ ಹೋದರು. ಹೋಗುವಾಗ ದಾರಿಯಲ್ಲಿ ಕಡಲೆಕಾಯಿ ಕೊಂಡರು ಎಂದು ಅದನ್ನು ಮಾರುವ ಗಾಡಿಯವನು ಹೇಳಿದಾಗ ನನಗೆ ಜೀವ ಬಂತು.

ವಿಚಾರಣೆಯ ದಿನ ಕೋರ್ಟಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ನೇಕಾರರ ಬೀದಿಯ ಮಗ್ಗಗಳೆಲ್ಲ ಅಂದು ಬೆಳಗ್ಗೆ ಸುಮ್ಮನಿದ್ದವು. ಚೌಡಮ್ಮನ ಹೆಸರನ್ನು ಎಂದಿಗಿಂತ ಮೆಲ್ಲಗೆ ಕೂಗಿದೆ. ಆದರೂ ಏರಿಯವರೆಗೆ ಕೇಳಿರಬೇಕು. ಅವಳು ವಕೀಲರನ್ನು ಇಟ್ಟಿರಲಿಲ್ಲ, ನನ್ನ ಮಾತು ನಾನೇ ಆಡುತ್ತೇನೆ ಎಂದಳು. ರಾಮಲಿಂಗಪ್ಪನ ವಕೀಲರು ವಯಸ್ಸಾದವರು, ಮರ್ಯಾದಸ್ಥರು. ಅವರ ವಾದ ಚಿಕ್ಕದು ಮತ್ತು ಚೊಕ್ಕ. ಅರ್ಥವಾಗದೆ ಮೋಸಹೋದೆ ಎನ್ನಲು ಈ ಊರಿನಲ್ಲಿ ದಾರಿಯೇ ಇಲ್ಲ, ಮಸಿ ಹಿಡಿದಿದೆ, ಮಸಿ ಹಿಡಿದ ಮೇಲೆ ಮಾತಿಲ್ಲ. ಕೂತರು. ಜನರೆಲ್ಲ ತಲೆಯಾಡಿಸಿದರು. ನನ್ನ ತಲೆಯೂ ಅರ್ಧ ಆಡಿತು, ಅಂಬುಜಾಕ್ಷಮ್ಮ ನೋಡಿಯಾರೆಂದು ನಿಲ್ಲಿಸಿದೆ.

ಜಡ್ಜರು ಅಂಬುಜಾಕ್ಷಮ್ಮನವರನ್ನು ಸಾಕ್ಷಿಯ ಕಟಕಟೆಗೆ ಕರೆದರು. ಈ ಹೆಂಗಸಿಗೆ ಕಾಗದದ ಅರ್ಥ ಪೂರ್ತಿ ಆಗಿತ್ತೇ ಎಂದು ಕೇಳಿದರು. ಪೂರ್ತಿ ಆಗಿತ್ತು, ನಾನು ಹೇಳಿದ ಮೇಲೆ ಆಗದೆ ಇರುತ್ತದೆಯೇ ಎಂದರು ಅವರು. ಚೌಡಮ್ಮನ ಮುಖ ಬಾಡಿತು. ಹಾಗಿದ್ದರೆ ಇನ್ನೇನು ಉಳಿಯಿತು ಎಂದರು ಜಡ್ಜರು. ಒಂದು ಮಸಿಯ ಡಬ್ಬಿ ಉಳಿಯಿತು, ತರಿಸಿ ಎಂದರು ಅಂಬುಜಾಕ್ಷಮ್ಮ. ನಾನೇ ತಂದುಕೊಟ್ಟೆ.

ಅವರು ಬಲಗೈ ಹೆಬ್ಬೆರಳಿನ ಬಟ್ಟೆ ಬಿಚ್ಚತೊಡಗಿದರು. ಕೋರ್ಟಿನಲ್ಲಿ ಆ ಬೆರಳನ್ನು ಯಾರೂ ನೋಡಿರಲಿಲ್ಲ. ಬೆರಳು ಬೆಳಕು ಕಾಣದೆ ಬಿಳಿಚಿಕೊಂಡಿತ್ತು. ಅದನ್ನು ಮಸಿಯಲ್ಲಿ ಅದ್ದಿ, ಚೌಡಮ್ಮನ ಗುರುತಿನ ಪಕ್ಕದಲ್ಲಿ, ಅದೇ ಹಕ್ಕು ಬಿಡುಗಡೆ ಪತ್ರದ ಮೇಲೆ ಒತ್ತಿದರು. ಹಿಡಿಯಿತು. ಗೆರೆ ಗೆರೆಯೂ ಹಿಡಿಯಿತು.

"ಸ್ವಾಮಿ, ಈ ಕಾಗದದ ಅರ್ಥ ನನಗೂ ಚೆನ್ನಾಗಿ ಗೊತ್ತು. ಅದಕ್ಕೇ ನನ್ನ ಬೆರಳೂ ಹಿಡೀತು. ಈಗ ನೀವೇ ಹೇಳಿ, ನಾನು ಯಾರ ಮನೆ ಬಿಟ್ಟುಕೊಟ್ಟೆ? ನನ್ನದು ಅಂತ ಆ ಬೀದಿಯಲ್ಲಿ ಒಂದು ಹಂಚೂ ಇಲ್ಲ. ನಮ್ಮ ಹಿರೀಕರು ಅರ್ಥದವರ ಬೆರಳಿಗೆ ಬಟ್ಟೆ ಸುತ್ತಿಸಿದ್ದು ಇದಕ್ಕೇ. ಇವರ ಬೆರಳು ಯಾವ ಕಾಗದ ಮುಟ್ಟಿದರೂ ಹಿಡಿಯುತ್ತೆ ಅಂತ ಅವರಿಗೆ ಗೊತ್ತಿತ್ತು. ನಾವು ಬಟ್ಟೆ ಉಳಿಸಿಕೊಂಡು ಕಾರಣ ಕಳಕೊಂಡ್ವಿ. ಮಸಿ ನೋಡೋದು ತಿಳೀತಾ ಅಂತ, ಒಪ್ಪಿದೆಯಾ ಅಂತಲ್ಲ. ಒಪ್ಪಿದೆಯಾ ಅಂತ ಮಸಿ ಕೇಳಲ್ಲ, ಮನುಷ್ಯರೇ ಕೇಳಬೇಕು. ಅವಳನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಜಡ್ಜರೇ ಕೈಚಾಚಿ ಡಬ್ಬಿ ತೆಗೆದುಕೊಂಡು ತಮ್ಮ ಹೆಬ್ಬೆಟ್ಟು ಒತ್ತಿದರು. ಹಿಡಿಯಿತು. ಕನ್ನಡಕ ತೆಗೆದು ಒರೆಸಿಕೊಂಡರು. ರಾಮಲಿಂಗಪ್ಪನ ವಕೀಲರು ಎದ್ದುಬಂದು, ಅಪ್ಪಣೆ ಕೇಳಿ, ತಾವೂ ಒತ್ತಿದರು. ಅದೂ ಹಿಡಿಯಿತು. ನಲವತ್ತು ವರ್ಷ ವಕೀಲಿ ಮಾಡಿದೆ, ಈ ಪ್ರಶ್ನೆ ನನಗೆ ಹೊಳೆಯಲಿಲ್ಲ ಎಂದು ಅವರು ಅಂಬುಜಾಕ್ಷಮ್ಮನವರಿಗೆ ಕೈಮುಗಿದರು. ಅಂಥ ದೊಡ್ಡತನ ಎಲ್ಲರಿಗೂ ಬರುವುದಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ರಾಮಲಿಂಗಪ್ಪನಿಗೆ ತಡೆಯಲಾಗಲಿಲ್ಲ. ಊರೆಲ್ಲ ತನ್ನನ್ನು ಕಳ್ಳನಂತೆ ನೋಡುತ್ತಿದೆ ಎಂದು ಅವನ ಕಿವಿ ಕೆಂಪಾಗಿತ್ತು. ಎಲ್ಲರದೂ ಹಿಡಿಯುತ್ತದೆ, ಇದರಲ್ಲೇನು ದೊಡ್ಡ ವಿದ್ಯೆ ಎನ್ನುತ್ತ ಮುಂದೆ ಬಂದು, ತನ್ನ ಹೆಬ್ಬೆರಳನ್ನು ಅದ್ದಿ ಕಾಗದದ ಮೇಲೆ ಒತ್ತಿದ.

ಜಾರಿತು. ಇನ್ನೊಮ್ಮೆ ಒತ್ತಿದ. ಮಸಿ ಉಳಿದವರ ಗುರುತುಗಳನ್ನು ಸುತ್ತು ಹಾಕಿಕೊಂಡು ಅಂಚಿಗೆ ಓಡಿ, ಅವನ ಪಂಚೆಯ ಮೇಲೆ ತೊಟ್ಟಿಕ್ಕಿತು. ಕಾಗದ ಬರೆಸಿದವನು ಅವನು, ದುಡುದುಡು ಓಡಾಡಿದವನು ಅವನು. ಅದರ ಅರ್ಥ ಆಗದೆ ಉಳಿದವನೂ ಅವನೊಬ್ಬನೇ. ಯಾರೂ ನಗಲಿಲ್ಲ. ಅವನು ಬೆರಳನ್ನೇ ನೋಡುತ್ತ ನಿಂತ.

ಅಂಬುಜಾಕ್ಷಮ್ಮ ಕಟಕಟೆಯಿಂದ ಇಳಿದು ಬರುತ್ತಿದ್ದರು, ಅವನಿಗೂ ಅರ್ಥ ಹೇಳಲು. ಚೌಡಮ್ಮ ಅವರಿಗೆ ಅಡ್ಡ ಕೈ ಹಿಡಿದು ತಾನೇ ಮುಂದೆ ಹೋದಳು. ಅಣ್ಣನ ಕೈ ಹಿಡಿದು, ತನ್ನ ಸೆರಗಿನಿಂದ ಆ ಮಸಿ ಒರೆಸುತ್ತ ಹೇಳಿದಳು, "ಅಣ್ಣಯ್ಯ, ನೀನು ನನ್ನ ಕೇಳಕ್ಕೆ ಬಂದೆಯಲ್ಲ. ಆ ಮನೆ ಪೂರ್ತಿ ನಿಂದೇ ಆಗಿದ್ರೆ, ನನ್ನ ಯಾಕೆ ಕೇಳ್ತಿದ್ದೆ?"

ರಾಮಲಿಂಗಪ್ಪ ತಂಗಿಯ ಮುಖ ನೋಡಿದ, ಕಾಗದ ನೋಡಿದ. ಅಪ್ಪನ ಮನೆ ಮಗನದು ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವನು, ತಾನು ಇಷ್ಟು ದಿನ ಅವಳಿಂದ ಬೇಡುತ್ತಿದ್ದುದು ಅವಳದನ್ನೇ ಎಂದು ಆಗಷ್ಟೆ ಕಂಡುಕೊಂಡಂತಿತ್ತು. ಕಣ್ಣು ತುಂಬಿಕೊಂಡಿತು. ಮತ್ತೆ ಹೆಬ್ಬೆರಳು ಅದ್ದಿ ಒತ್ತಿದ. ಈ ಸಲ ಹಿಡಿಯಿತು.

ಈ ಕಾಗದದ ಮೇಲೆ ಐವರ ಅರ್ಥ ಇದೆ, ಒಬ್ಬರ ಒಪ್ಪಿಗೆಯೂ ಇಲ್ಲ ಎಂದು ಜಡ್ಜರು ತೀರ್ಪು ಬರೆಸಿ ಅದನ್ನು ರದ್ದು ಮಾಡಿದರು. ಅಣ್ಣ ತಂಗಿ ಒಂದೇ ಕೊಡೆಯಡಿ ಮನೆಗೆ ಹೋದರು. ರಾಮಲಿಂಗಪ್ಪ ತನ್ನ ಭಾಗದಲ್ಲೇ ಅಂಗಡಿ ಕಟ್ಟಿಕೊಂಡ, ಚಿಕ್ಕದು. ಗೋಡೆಯ ಆ ಕಡೆ ಚೌಡಮ್ಮನ ಮಗ್ಗದ ಲಾಳಿ ಓಡುತ್ತದೆ, ಈ ಕಡೆ ಅದೇ ಕೆಂಪಂಚಿನ ಟವಲು ಮಾರಾಟವಾಗುತ್ತದೆ. ನನ್ನ ಹೆಗಲ ಮೇಲಿರುವುದೂ ಅಲ್ಲಿಯದೇ.

ಅಂದಿನಿಂದ ನಮ್ಮೂರಿನಲ್ಲಿ ಎರಡು ಹೆಬ್ಬೆಟ್ಟು. ಎಡಗೈಯದು ಅರ್ಥಕ್ಕೆ, ಬಲಗೈಯದು ಒಪ್ಪಿಗೆಗೆ. ಎರಡರ ನಡುವೆ ಒಂದು ಲೋಟ ನೀರು ಕುಡಿದು ಕೂತು ಯೋಚಿಸಬೇಕು. ನೀರಿನ ಮಾತು ಅಂಬುಜಾಕ್ಷಮ್ಮನವರದು. ಅವರು ಮತ್ತೆ ಜಗಲಿಯಲ್ಲಿ ಸಿಪ್ಪೆ ಹರಡಿಕೊಂಡು ಕೂತಿದ್ದಾರೆ. ಮೊದಲು ಅರ್ಥ ಹೇಳುವುದರಲ್ಲಿ ಮಾತ್ರ ತನಗೆ ಸಾಟಿಯಿಲ್ಲ ಎನ್ನುತ್ತಿದ್ದರು, ಈಗ ಕೇಳುವುದರಲ್ಲೂ ಇಲ್ಲ ಎನ್ನುತ್ತಾರೆ. ನಾನು ಹೌದೆಂದು ತಲೆ ಆಡಿಸುತ್ತೇನೆ, ಪೂರ್ತಿ ಆಡಿಸುತ್ತೇನೆ.

ನನಗೂ ಒಂದು ಕೆಲಸ ಹೆಚ್ಚಾಯಿತು. ನೀರು ಕುಡಿದು ಲೋಟ ಕೆಳಗಿಟ್ಟವರನ್ನು ಹೆಸರು ಹಿಡಿದು ಕೂಗಿ, ಬಲಗೈ ಕೊಡುತ್ತೀರೋ ಇಲ್ಲವೋ ಎಂದು ಕೇಳಬೇಕು. ಕೊಡುತ್ತೇನೆ ಎಂದರೆ ಬಾಗಿಲಾಚೆ ಕೇಳುವಂತೆ ಕೂಗುತ್ತೇನೆ. ಕೆಲವರು, ಹೆಚ್ಚಾಗಿ ಹೆಣ್ಣುಮಕ್ಕಳು, ನನ್ನ ಹತ್ತಿರ ಬಂದು ಕಿವಿಗಷ್ಟೇ ಕೇಳುವ ಹಾಗೆ ಇಲ್ಲ ಎನ್ನುತ್ತಾರೆ. ಅದನ್ನು ಮಾತ್ರ ನಾನು ಕೆರೆ ಏರಿಯ ಆಚೆಗೂ ಕೇಳುವಂತೆ ಕೂಗುತ್ತೇನೆ.